ಟ್ವೀಡ್ ಸವಾರಿಗೆ ಸ್ಥಾನ ಸಿಗಲಿಲ್ಲ: ಹೊಲಿಸಿದ ಸ್ಕರ್ಟು, ರಿಪೇರಿ ಮಾಡಿಸಿದ ಸೈಕಲ್ಲು ಏನು ಮಾಡಲಿ?

ಪ್ರಶ್ನೆ: ನಾನು ದಾವಣಗೆರೆಯವಳು. ಕೆಲಸದ ನಿಮಿತ್ತ ಕೆಲವು ವರ್ಷಗಳಿಂದ ಲಂಡನ್ನಿನಲ್ಲಿದ್ದೇನೆ. ಇಲ್ಲಿನ ಟ್ವೀಡ್ ರನ್ ಎಂಬ ಸೈಕಲ್ ಸವಾರಿಯಲ್ಲಿ ನೂರಾರು ಜನ ಹಳೆಯ ಕಾಲದ ಉಣ್ಣೆ ಉಡುಪು ತೊಟ್ಟು, ಹಳೆಯ ಸೈಕಲ್ಲುಗಳ ಮೇಲೆ ಊರು ಸುತ್ತುತ್ತಾರೆ. ಅದರಲ್ಲಿ ಸೇರಬೇಕೆಂದು ಬಹಳ ದಿನಗಳ ಆಸೆ. ಹಳೆಯ ರ್ಯಾಲೆ ಸೈಕಲ್ ಕೊಂಡು ರಿಪೇರಿ ಮಾಡಿಸಿದೆ, ಟ್ವೀಡ್ ಎಂಬ ಒರಟು ಉಣ್ಣೆಯ ಬಟ್ಟೆ ತಂದು ಉದ್ದ ಸ್ಕರ್ಟು ಮತ್ತು ಕೋಟು ಹೊಲಿಸಿದೆ. ಸ್ಥಾನ ಸಿಗಲಿಲ್ಲ. ವರ್ಷಕ್ಕೊಮ್ಮೆಯೂ ಸೈಕಲ್ ಮುಟ್ಟದ ನನ್ನ ಸಹೋದ್ಯೋಗಿಗೆ ಸಿಕ್ಕಿತು! ಇಷ್ಟು ಜನ ಬಯಸುವ ಸವಾರಿಗೆ ಸ್ಥಾನಗಳನ್ನು ಯಾಕೆ ಹೆಚ್ಚಿಸುವುದಿಲ್ಲ? ಇದೆಲ್ಲ ನಮ್ಮಂಥವರಿಗೆ ಮಾಡಿದ್ದಲ್ಲವೇನೋ ಎಂದೂ ಅನ್ನಿಸುತ್ತಿದೆ. ಮುಂದಿನ ಸಲ ಟಿಕೆಟ್ ಇಲ್ಲದೆಯೇ ಹಿಂದೆ ಸೇರಿಕೊಂಡರೆ ತಪ್ಪೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ: ತಪ್ಪು. ಯಾಕೆಂಬುದು ಸ್ಥಾನಗಳ ಲೆಕ್ಕ ತಿಳಿದ ಮೇಲೆ ನಿಮಗೇ ಹೊಳೆಯುತ್ತದೆ. ನಡುವೆ ನೀವು ಒಂದೇ ವಾಕ್ಯದಲ್ಲಿ ಕೇಳಿ ಮುಂದೆ ಹೋದ ಪ್ರಶ್ನೆ, ಇದು ನಮ್ಮಂಥವರಿಗೆ ಮಾಡಿದ್ದೇ ಎಂಬುದು, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಅದಕ್ಕೆ ಸಾವಕಾಶವಾಗಿ ಬರುತ್ತೇನೆ.

ಗುಂಪು ಸವಾರಿಯ ದಾರಿ ಗೊತ್ತುಮಾಡುವವರು ಕಾಗದದ ಮೇಲೆ ಮೊದಲು ಹಾಕುವ ಲೆಕ್ಕ ಜನರ ಸಂಖ್ಯೆಯದಲ್ಲ, ಉದ್ದದ್ದು. ಇಬ್ಬಿಬ್ಬರು ಅಕ್ಕಪಕ್ಕದಲ್ಲಿ ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಸೈಕಲ್ಲಿನ ಉದ್ದಕ್ಕೆ ಮುಂದಿನವರಿಂದ ಕಾಯ್ದುಕೊಳ್ಳಬೇಕಾದ ಅಂತರವನ್ನು ಸೇರಿಸಿದರೆ ಒಂದು ಸಾಲಿಗೆ ಐದು ಮೀಟರ್ ಬೇಕು. 500 ಜನರೆಂದರೆ 250 ಸಾಲು, ಅಂದರೆ ಒಂದೂಕಾಲು ಕಿಲೋಮೀಟರ್ ಉದ್ದದ ಮೆರವಣಿಗೆ. ಹಳೆಯ ಸೈಕಲ್ಲುಗಳ ಗುಂಪು ಗಂಟೆಗೆ 10 ಕಿ.ಮೀ. ವೇಗದಲ್ಲಿ ಸಾಗಿದರೆ ಹೆಚ್ಚು. ಆ ವೇಗದಲ್ಲಿ ಇಡೀ ಗುಂಪು ಒಂದು ಚೌಕ ದಾಟಲು ಏಳೂವರೆ ನಿಮಿಷ ಹಿಡಿಯುತ್ತದೆ. ಲಂಡನ್ನಿನ ಸಿಗ್ನಲ್ಲಿನ ಒಂದು ಸುತ್ತು ಒಂದೂವರೆ ನಿಮಿಷದ ಆಸುಪಾಸಿನದು. ಅದರಲ್ಲಿ ನಿಮ್ಮ ದಿಕ್ಕಿಗೆ ಹಸಿರು ಸಿಗುವುದು ಒಂದು ಪಾಲು ಮಾತ್ರ. ಹೀಗಾಗಿ ಗುಂಪು ಪ್ರತಿ ಸಿಗ್ನಲ್ಲಿನಲ್ಲೂ ಹರಿದು ಹತ್ತಾರು ತುಂಡಾಗುತ್ತದೆ, ಹಿಂದಿನ ತುಂಡಿಗೆ ಮುಂದಿನದು ಎಡಕ್ಕೆ ತಿರುಗಿತೋ ಬಲಕ್ಕೋ ಗೊತ್ತಾಗುವುದಿಲ್ಲ. ಸಂಖ್ಯೆಯನ್ನು 1,000ಕ್ಕೆ ಏರಿಸಿದರೆ ಮೆರವಣಿಗೆ ಎರಡೂವರೆ ಕಿಲೋಮೀಟರ್, ಒಂದು ಚೌಕಕ್ಕೆ ಕಾಲು ಗಂಟೆ. ಅಷ್ಟು ಹೊತ್ತು ಅಡ್ಡರಸ್ತೆಯಲ್ಲಿ ಬಸ್ಸುಗಳು ನಿಂತಿರುತ್ತವೆ, ಒಮ್ಮೊಮ್ಮೆ ಆಂಬುಲೆನ್ಸ್ ಕೂಡ.

ಇದನ್ನು ನಿಭಾಯಿಸುವವರು ಮಾರ್ಷಲ್‌ಗಳು, ಅಂದರೆ ಸ್ವಯಂಸೇವಕರು. ಅವರ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮುಂದೆ ಹೋದವರು ಒಂದು ಚೌಕದಲ್ಲಿ ಇಳಿದು, ಕೈ ಚಾಚಿ ನಿಂತು, ಗುಂಪನ್ನು ಸಾಗಿಸುತ್ತಾರೆ. ಕೊನೆಯವರು ದಾಟಿದ ಕೂಡಲೇ ಮತ್ತೆ ಸೈಕಲ್ ಹತ್ತಿ, ಇಡೀ ಗುಂಪನ್ನು ಪಕ್ಕದಿಂದ ಹಿಂದಿಕ್ಕಿ, ಮುಂದಿನ ಯಾವುದೋ ಚೌಕಕ್ಕೆ ಗುಂಪಿಗಿಂತ ಮೊದಲು ತಲುಪಬೇಕು. ಒಂದು ಕಿಲೋಮೀಟರ್ ಉದ್ದದ ಗುಂಪನ್ನು ಹೀಗೆ ದಾಟಿ ಹೋಗುವುದೇ ಏದುಸಿರಿನ ಕೆಲಸ; ಗುಂಪು ಅದರ ಎರಡರಷ್ಟಾದರೆ, ಲಂಡನ್ನಿನ ಇಕ್ಕಟ್ಟಿನ ಬೀದಿಗಳಲ್ಲಿ, ಆಗುವುದೇ ಇಲ್ಲ. ಆಗ ಪ್ರತಿ ಚೌಕಕ್ಕೂ ಬೇರೆ ಬೇರೆ ಜನ ಬೇಕು. ಸವಾರರು ಎರಡರಷ್ಟಾದರೆ ಮಾರ್ಷಲ್‌ಗಳು ಎರಡರಷ್ಟು ಸಾಲುವುದಿಲ್ಲ, ನಾಲ್ಕರಷ್ಟು ಬೇಕಾಗಬಹುದು. ಒಳ್ಳೆಯ ಮಾರ್ಷಲ್‌ಗಳು ಹಣ ಕೊಟ್ಟರೆ ಸಿಗುವವರಲ್ಲ. ಸಿಟ್ಟಿಗೆದ್ದ ಟ್ಯಾಕ್ಸಿ ಚಾಲಕನ ಎದುರು ನಗುಮುಖ ಕಳೆದುಕೊಳ್ಳದೆ ಎರಡು ನಿಮಿಷ ನಿಲ್ಲಬಲ್ಲವರು ಯಾವ ಊರಿನಲ್ಲೂ ಕೆಲವೇ ಜನ.

ಇನ್ನು ಆ ಎತ್ತರದ ಸೈಕಲ್ಲುಗಳು. ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ ಇರುವ ಪೆನ್ನಿ ಫಾರ್ದಿಂಗ್ ಇಂಥ ಸವಾರಿಗಳಿಗೆ ಬರುವುದು ವಾಡಿಕೆ, ಜನ ಮೊದಲು ಮೊಬೈಲ್ ಎತ್ತುವುದೂ ಅದರ ಕಡೆಗೇ. ಅದರ ಮೇಲೆ ಕುಳಿತವರಿಗೆ ನೆಲಕ್ಕೆ ಕಾಲು ಊರಲಾಗುವುದಿಲ್ಲ. ಪ್ರತಿ ಕೆಂಪು ದೀಪಕ್ಕೂ ಹಿಂದಿನ ಮೆಟ್ಟಿಲ ಮೇಲೆ ಕಾಲಿಟ್ಟು ಇಳಿಯಬೇಕು, ಹಸಿರಾದಾಗ ಓಡುತ್ತ ಮತ್ತೆ ಹತ್ತಬೇಕು. ಗುಂಪು ನಿಂತು ನಿಂತು ಸಾಗಿದಷ್ಟೂ ಅವರಿಗೆ ಅಪಾಯ ಹೆಚ್ಚು.

ಚಹಾದ ಲೆಕ್ಕವನ್ನೂ ಮರೆಯಬೇಡಿ. ಸವಾರಿಯ ನಡುವೆ ಚಹಾ, ಆಮೇಲೆ ಹುಲ್ಲಿನ ಮೇಲೆ ಕುಳಿತು ಬುತ್ತಿ, ಇವು ಟ್ವೀಡ್ ರನ್‌ನ ಜೀವಾಳ. ನಾಲ್ಕು ಮೇಜಿಟ್ಟು, ಒಂದು ಬಟ್ಟಲು ತುಂಬಲು ಹತ್ತು ಸೆಕೆಂಡ್ ಎಂದರೂ 500 ಜನರ ಸರದಿ ಮುಗಿಯಲು 20 ನಿಮಿಷ ದಾಟುತ್ತದೆ. ಸಾವಿರ ಜನರಾದರೆ ಮುಕ್ಕಾಲು ಗಂಟೆ ಹತ್ತಿರ. ಕೊನೆಯವರು ಬಟ್ಟಲು ಹಿಡಿಯುವ ಹೊತ್ತಿಗೆ ಮೊದಲಿನವರು ಚಳಿಗೆ ನಡುಗುತ್ತಿರುತ್ತಾರೆ.

ಈ ಸವಾರಿ ಹುಟ್ಟಿದಾಗ ಇಷ್ಟೆಲ್ಲ ಯೋಚನೆ ಬೇಕಿರಲಿಲ್ಲ. ಲಂಡನ್ನಿನಲ್ಲಿ ಒಂದೇ ಗೇರಿನ ಸೈಕಲ್ ಹೊಡೆಯುವ ಗೆಳೆಯರು ಸೇರಿ, ಮೈಗಂಟಿದ ಲೈಕ್ರಾ ಬಟ್ಟೆ ಬಿಟ್ಟು ಅಜ್ಜಂದಿರ ಕಾಲದ ಉಡುಪಿನಲ್ಲಿ ಒಂದು ದಿನ ಸುತ್ತೋಣ ಎಂದು ಹೊರಟದ್ದು 2009ರ ಜನವರಿಯಲ್ಲಿ. ಬಂದವರು ಸುಮಾರು 160 ಜನ. ಕೆಲವೇ ವರ್ಷಗಳಲ್ಲಿ ಸಂಖ್ಯೆ ಐನೂರರ ಹತ್ತಿರ ಬಂತು, ನ್ಯೂಯಾರ್ಕ್, ಟೋಕಿಯೊ ಮುಂತಾದ ಕಡೆಗಳಿಗೂ ಅದೇ ಬಗೆಯ ಸವಾರಿ ಹಬ್ಬಿತು. ಇಟಲಿಯ ಲೆರೋಯಿಕಾ ಎಂಬ ಸವಾರಿಯ ಕಥೆಯೂ ಹೀಗೆಯೇ. ಟಸ್ಕನಿಯ ಗಾಯೋಲೆ ಎಂಬ ಪುಟ್ಟ ಊರಿನಿಂದ 1997ರಲ್ಲಿ 92 ಜನ ಹಳೆಯ ಉಕ್ಕಿನ ಸೈಕಲ್ಲುಗಳ ಮೇಲೆ, ಉಣ್ಣೆಯ ಜೆರ್ಸಿ ತೊಟ್ಟು, ಬಿಳಿ ಮಣ್ಣಿನ ದಾರಿಗಳಲ್ಲಿ ಹೊರಟರು. ಈಗ ಅಲ್ಲಿಗೆ ಸಾವಿರಾರು ಜನ ಬರುತ್ತಾರೆ, ಮಿತಿ ಹಾಕದೆ ವಿಧಿಯಿಲ್ಲ. ಆದರೆ ಅವರು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ: ಆ ದಾರಿಗೆ ಶಾಶ್ವತ ಫಲಕಗಳನ್ನು ನೆಟ್ಟಿದ್ದಾರೆ. ಸ್ಥಾನ ಸಿಗದವರು ಬೇರೆ ಯಾವ ದಿನ ಬೇಕಾದರೂ ಹೋಗಿ ಅದೇ 209 ಕಿ.ಮೀ. ದಾರಿಯಲ್ಲಿ ಸವಾರಿ ಮಾಡಬಹುದು. ಸ್ಥಾನಕ್ಕೆ ಮಿತಿ ಹಾಕುವ ಪ್ರತಿಯೊಂದು ಸವಾರಿಯೂ ತನ್ನ ದಾರಿಯ ನಕ್ಷೆಯನ್ನಾದರೂ ಆಮೇಲೆ ಎಲ್ಲರಿಗೂ ಕೊಡಬೇಕು ಎಂದು ನಾನು ವಾದಿಸುತ್ತಲೇ ಬಂದಿದ್ದೇನೆ.

ಮಿತಿಯೇ ಇಲ್ಲದ ಸವಾರಿ ಲಂಡನ್ನಿನಲ್ಲೇ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ತಿಂಗಳ ಕೊನೆಯ ಶುಕ್ರವಾರ ಸಂಜೆ ವಾಟರ್ಲೂ ಸೇತುವೆಯ ದಕ್ಷಿಣ ತುದಿಯ ಕೆಳಗೆ ಸೇರಿ ಹೊರಡುವ ಕ್ರಿಟಿಕಲ್ ಮಾಸ್ 1994ರಿಂದ ನಡೆಯುತ್ತಿದೆ. ಟಿಕೆಟ್ ಇಲ್ಲ, ನಾಯಕರಿಲ್ಲ, ಗೊತ್ತಾದ ದಾರಿಯೂ ಇಲ್ಲ. ಅದಕ್ಕೆ ಮುಂಚಿತವಾಗಿ ನೋಟಿಸ್ ಕೊಡಬೇಕೆಂದು ಪೊಲೀಸರು ಹೇಳಿದಾಗ ವ್ಯಾಜ್ಯ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ, 2008ರಲ್ಲಿ ಸವಾರರ ಪರವಾಗಿ ತೀರ್ಪು ಬಂತು: ಅದು ರೂಢಿಯಿಂದ ನಡೆದುಬಂದ ಮೆರವಣಿಗೆ, ನೋಟಿಸ್ ಬೇಕಿಲ್ಲ. ನನಗೆ ಆ ಸವಾರಿಯ ಬಗ್ಗೆ ಗೌರವವಿದೆ. ಆದರೆ ಅಲ್ಲಿ ಪಿಂಗಾಣಿ ಬಟ್ಟಲಿನ ಚಹಾ ಇರುವುದಿಲ್ಲ, ಎಪ್ಪತ್ತು ದಾಟಿದವರಿಗಾಗಿ ಯಾರೂ ಕಾಯುವುದಿಲ್ಲ, ಯಾವ ಹೊತ್ತಿಗೆ ಎಲ್ಲಿ ಮುಗಿಯುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಾದ ದಾರಿ, ಗೊತ್ತಾದ ಹೊತ್ತು, ಎಲ್ಲರಿಗೂ ಒಂದು ಬಟ್ಟಲು ಎಂದು ಮಾತು ಕೊಟ್ಟವರು ಸಂಖ್ಯೆಯನ್ನು ಮುಚ್ಚಲೇಬೇಕು. ಆದ್ದರಿಂದ ಮಿತಿಯ ವಿಷಯದಲ್ಲಿ ನಾನು ಸಂಘಟಕರ ಪಕ್ಷ.

ಮಿತಿಯೊಳಗೆ ಸ್ಥಾನಗಳನ್ನು ಹೇಗೆ ಹಂಚಬೇಕು ಎಂಬುದು ಬೇರೆ ಮಾತು. ಅಲ್ಲಿ ನಾನು ನಿಮ್ಮಂಥ ಅರ್ಜಿದಾರರ ಪಕ್ಷ. ಯಾವುದೇ ಜನಪ್ರಿಯ ಸವಾರಿಗೆ ಮೊದಲು ಬಂದವರಿಗೆ ಮೊದಲು ಎಂದರೆ ನ್ಯಾಯದಂತೆ ಕಾಣುತ್ತದೆ. ಆದರೆ ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರಿನ ಎದುರು ಬಿಡುವಾಗಿ ಕುಳಿತಿರಬಲ್ಲವರಿಗೆ ಅದು ಅನುಕೂಲ. ಆಸ್ಪತ್ರೆಯ ವಾರ್ಡಿನಲ್ಲಿ ಇರುವ ನರ್ಸು, ಬಸ್ ಓಡಿಸುತ್ತಿರುವ ಚಾಲಕ ಅಲ್ಲೇ ಸೋತರು. ಶುಲ್ಕ ಏರಿಸಿದರೆ ಸರದಿ ತಾನಾಗಿ ಚಿಕ್ಕದಾಗುತ್ತದೆ, ಉಳಿಯುವವರು ದುಡ್ಡಿದ್ದವರು. ಚೆನ್ನಾಗಿ ಉಡುಪು ತೊಟ್ಟವರ ಫೋಟೊ ನೋಡಿ ಆರಿಸುವುದಂತೂ ಬೇಡವೇ ಬೇಡ. ಅದು ದರ್ಜಿಯ ಬಿಲ್ಲನ್ನು ಅಳೆಯುವ ಪರೀಕ್ಷೆಯಾಗುತ್ತದೆ. ಉಳಿಯುವುದು ಚೀಟಿ ಎತ್ತುವ ಕ್ರಮ. ಚೀಟಿಗೆ ಮುಖ ಕಾಣುವುದಿಲ್ಲ, ಹೆಸರಿನ ಉಚ್ಚಾರ ಕಷ್ಟವೆನ್ನಿಸುವುದಿಲ್ಲ. ಅದರ ಬೆಲೆ ಎಂದರೆ ಸೈಕಲ್ ಮುಟ್ಟದ ಸಹೋದ್ಯೋಗಿಗೂ ಸ್ಥಾನ ಸಿಗಬಹುದು. ನಿಮಗೆ ಅದು ಎಷ್ಟು ನೋವು ಕೊಟ್ಟಿರುತ್ತದೆ ಎಂದು ಬಲ್ಲೆ, ಆದರೂ ಆ ಬೆಲೆ ತೆರಬೇಕಾದದ್ದೇ. ಅರ್ಹರನ್ನು ಆರಿಸಲು ಹೊರಟರೆ ಯಾರು ಅರ್ಹರು ಎಂದು ಹೇಳುವ ಒಬ್ಬರು ಬೇಕಾಗುತ್ತಾರೆ, ಆ ಒಬ್ಬರ ಕಣ್ಣಿಗೆ ನಾವು ಹೇಗೆ ಕಾಣುತ್ತೇವೆ ಎಂಬ ಪ್ರಶ್ನೆ ಮತ್ತೆ ಏಳುತ್ತದೆ. ಚೀಟಿಯ ಜೊತೆಗೆ ಇನ್ನೆರಡು ಕೆಲಸ ಮಾಡಿದರೆ ಅರ್ಧ ಅಸಮಾಧಾನ ಕರಗುತ್ತದೆ: ಎಷ್ಟು ಜನ ಅರ್ಜಿ ಹಾಕಿದರು ಎಂದು ಬಹಿರಂಗವಾಗಿ ಹೇಳುವುದು, ಕಳೆದ ಸಲ ಸಿಗದವರ ಹೆಸರಿಗೆ ಈ ಸಲ ಎರಡು ಚೀಟಿ ಹಾಕುವುದು. ಸಂಖ್ಯೆ ತಿಳಿದರೆ ಮನಸ್ಸು ತಾನೇ ಸಮಾಧಾನ ಹೇಳಿಕೊಳ್ಳುತ್ತದೆ. 2026ರ ಲಂಡನ್ ಮ್ಯಾರಥಾನ್‌ಗೆ ಅರ್ಜಿ ಹಾಕಿದವರು 11 ಲಕ್ಷಕ್ಕೂ ಹೆಚ್ಚು. ಅಲ್ಲಿ ಸ್ಥಾನ ಸಿಗದವರು ತಮ್ಮನ್ನು ಯಾರೋ ಬೇಡವೆಂದರು ಎಂದುಕೊಳ್ಳುವುದಿಲ್ಲ.

ನೀವು ಹಾಗೆ ಅಂದುಕೊಂಡಿರಿ. ಈಗ ಆ ಮಾತಿಗೆ ಬರುತ್ತೇನೆ.

ಟ್ವೀಡ್ ಅಂದರೆ ಜಮೀನುದಾರರ ಬೇಟೆಯ ಉಡುಪು ಎಂಬ ಚಿತ್ರ ನಮ್ಮ ಕಣ್ಣಿಗೆ ಕಟ್ಟಿದೆ. ಅದು ಸುಳ್ಳೂ ಅಲ್ಲ. ಆದರೆ ಅದನ್ನು ನೇಯ್ದ ಕೈಗಳು ಜಮೀನುದಾರರದಲ್ಲ. ಹ್ಯಾರಿಸ್ ಟ್ವೀಡ್ ಎಂಬ ಹೆಸರಿಗೆ ಬ್ರಿಟಿಷ್ ಸಂಸತ್ತು 1993ರಲ್ಲಿ ಕಾಯಿದೆಯನ್ನೇ ಮಾಡಿದೆ: ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳ ಜನ ತಮ್ಮ ತಮ್ಮ ಮನೆಗಳಲ್ಲಿ ಕೈಯಾರೆ ನೇಯ್ದಿರಬೇಕು, ಉಣ್ಣೆಗೆ ಬಣ್ಣ ಕಟ್ಟುವುದು, ನೂಲುವುದು, ಬಟ್ಟೆಗೆ ಕೊನೆಯ ಹದ ಕೊಡುವುದು ಎಲ್ಲವೂ ಆ ದ್ವೀಪಗಳಲ್ಲೇ ಆಗಿರಬೇಕು. ಕಳೆದ ಶತಮಾನದ ಕೊನೆಗೆ ಅಲ್ಲಿಗೆ ಬಂದ ಬೋನಾಸ್ ಗ್ರಿಫಿತ್ ಮಗ್ಗಕ್ಕೆ ಕರೆಂಟಿಲ್ಲ. ನೇಕಾರರು ಆಸನದ ಮೇಲೆ ಕುಳಿತು, ಸೈಕಲ್ಲಿನಲ್ಲಿರುವಂಥ ಪೆಡಲ್‌ಗಳನ್ನು ತುಳಿದೇ ಅದನ್ನು ಓಡಿಸುತ್ತಾರೆ. ನೀವು ತೊಟ್ಟ ಕೋಟಿನ ಬಟ್ಟೆ ಹ್ಯಾರಿಸ್ ಆಗಿದ್ದರೆ ಅದರ ಪ್ರತಿ ಗಜದ ಹಿಂದೆ ಯಾರೋ ಒಬ್ಬರು ಪೆಡಲ್ ತುಳಿದಿರುವ ಸಾಧ್ಯತೆಯಿದೆ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರಿನಿಂದ ಬಂದವರಿಗೆ ಬಟ್ಟೆಯ ಹಿಂದಿನ ದುಡಿಮೆಯನ್ನು ನಾನು ಹೇಳಿಕೊಡಬೇಕಿಲ್ಲ.

ಸೈಕಲ್ಲಿನ ಇತಿಹಾಸದಲ್ಲಿ ಜನರನ್ನು ನಿಜವಾಗಿಯೂ ಹೊರಗಿಟ್ಟ ಪ್ರಸಂಗಗಳಿವೆ. 1898ರ ಅಕ್ಟೋಬರ್‌ನಲ್ಲಿ ಲೇಡಿ ಹಾರ್ಬರ್ಟನ್ ಎಂಬಾಕೆ ಲಂಡನ್ನಿನಿಂದ ಸರ್ರೆಯ ಓಕಮ್ ಎಂಬ ಹಳ್ಳಿಯವರೆಗೆ ಸೈಕಲ್ಲಿನಲ್ಲಿ ಹೋಗಿ, ಅಲ್ಲಿನ ಒಂದು ಹೋಟೆಲಿನಲ್ಲಿ ಊಟ ಕೇಳಿದರು. ಅವರು ತೊಟ್ಟಿದ್ದು ಸ್ಕರ್ಟಲ್ಲ, ಸೈಕಲ್ ತುಳಿಯಲು ಅನುಕೂಲವಾದ ಸಡಿಲ ಚಲ್ಲಣ. ಆ ಉಡುಪಿನವರಿಗೆ ಮುಖ್ಯ ಕೋಣೆಯಲ್ಲಿ ಜಾಗವಿಲ್ಲ, ಬೇಕಾದರೆ ಬಾರಿನ ಪಕ್ಕದ ಕೋಣೆಯಲ್ಲಿ ಉಣ್ಣಿ ಎಂದರು ಹೋಟೆಲಿನ ಒಡತಿ. ಸೈಕಲ್ ಪ್ರವಾಸಿಗರ ಸಂಘ ನ್ಯಾಯಾಲಯಕ್ಕೆ ಹೋಯಿತು. ಬೇರೆ ಕೋಣೆಯಲ್ಲಿ ಊಟ ಕೊಡಲು ಒಪ್ಪಿದ್ದರಲ್ಲ ಎಂಬ ಕಾರಣಕ್ಕೆ 1899ರಲ್ಲಿ ಸೋತಿತು.

ಅದಕ್ಕಿಂತ ಕಟುವಾದದ್ದು ಅಮೆರಿಕದ್ದು. ಅಲ್ಲಿನ ದೊಡ್ಡ ಸೈಕಲ್ ಸಂಘವಾದ ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್ 1894ರಲ್ಲಿ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂದು ನಿಯಮ ಮಾಡಿತು. ಬಾಸ್ಟನ್ನಿನ ಕಿಟಿ ನಾಕ್ಸ್ ಎಂಬ ತರುಣಿ ಅದಕ್ಕೆ ಒಂದು ವರ್ಷ ಮುಂಚೆಯೇ ಸದಸ್ಯಳಾಗಿದ್ದಳು. ತಂದೆ ಕಪ್ಪು ಜನಾಂಗದವನು, ತಾಯಿ ಬಿಳಿಯಳು. ಅವಳ ಕಸುಬು ಹೊಲಿಗೆ. ಹೆಂಗಸರು ಉದ್ದ ಸ್ಕರ್ಟಿನಲ್ಲಿ ತೊಡರಿಕೊಂಡು ಸೈಕಲ್ ತುಳಿಯುತ್ತಿದ್ದ ಆ ಕಾಲದಲ್ಲಿ ಅವಳು ಸಡಿಲ ಚಲ್ಲಣದ ಉಡುಪನ್ನು ತಾನೇ ಹೊಲಿದುಕೊಂಡಳು. 1895ರ ಜುಲೈ 4ರಂದು ವಾಲ್ಥಮ್‌ನಲ್ಲಿ ನಡೆದ ಸೈಕಲ್ ಉಡುಪಿನ ಸ್ಪರ್ಧೆಯಲ್ಲಿ ಆ ಉಡುಪಿಗೇ ಮೊದಲ ಬಹುಮಾನ ಬಂತು. ಕೆಲವೇ ದಿನಗಳ ಮೇಲೆ ನ್ಯೂಜೆರ್ಸಿಯ ಆಸ್ಬರಿ ಪಾರ್ಕ್‌ನಲ್ಲಿ ಸಂಘದ ವಾರ್ಷಿಕ ಸಮ್ಮೇಳನಕ್ಕೆ ಹೋದಾಗ ಅವಳ ಸದಸ್ಯತ್ವದ ಬಗ್ಗೆಯೇ ತಕರಾರು ಎದ್ದು, ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾಯಿತು. ನಿಯಮ ಬರುವ ಮೊದಲೇ ಸೇರಿದವಳಾದ್ದರಿಂದ ಅವಳ ಸದಸ್ಯತ್ವ ಉಳಿಯಿತು, ನಿಯಮವೂ ಉಳಿಯಿತು. ಆ ಸಂಘದ ಉತ್ತರಾಧಿಕಾರಿ ಸಂಸ್ಥೆ ಆ ನಿಯಮವನ್ನು ವಿಧಿವತ್ತಾಗಿ ಅಳಿಸಿದ್ದು 1999ರಲ್ಲಿ.

ಇದನ್ನೆಲ್ಲ ನಿಮ್ಮ ನೋವನ್ನು ಚಿಕ್ಕದು ಮಾಡಲು ಹೇಳುತ್ತಿಲ್ಲ. ನಿಮ್ಮ ಅನುಮಾನಕ್ಕೆ ಇತಿಹಾಸದಲ್ಲಿ ಆಧಾರವಿದೆ, ಅದು ಬರಿಯ ಕಲ್ಪನೆಯಲ್ಲ. ಆದರೆ ಲೇಡಿ ಹಾರ್ಬರ್ಟನ್‌ಗೆ ಅಡ್ಡಬಂದದ್ದು ಉಡುಪು, ಕಿಟಿ ನಾಕ್ಸ್‌ಗೆ ಬಣ್ಣ. ನಿಮಗೆ ಅಡ್ಡಬಂದದ್ದು ಸಂಖ್ಯೆ. ಸಂಖ್ಯೆ ಮುಂದಿನ ವರ್ಷ ನಿಮ್ಮ ಕಡೆ ತಿರುಗಬಹುದು. ಆ ಸವಾರಿಗೆ ಸೇರಲು ಇಂಗ್ಲಿಷ್ ಜಮೀನುದಾರರಂತೆ ಕಾಣಬೇಕೆಂಬ ಹಂಗೂ ನಿಮಗೆ ಬೇಡ. ಹಳೆಯ ಮೈಸೂರಿನ ಮೇಷ್ಟರು ಕಚ್ಚೆ ಪಂಚೆ ಉಟ್ಟು, ಮುಚ್ಚು ಕಾಲರಿನ ಕೋಟು ತೊಟ್ಟು, ತಲೆಗೆ ಪೇಟ ಇಟ್ಟು ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದರು. ಅದೂ ಹಳೆಯ ಕಾಲದ ಸೈಕಲ್ ಉಡುಪೇ. ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಮೇಲೆ ನಿಮ್ಮ ಆ ಟ್ವೀಡ್ ಕೋಟು ತೊಟ್ಟರೆ ಆ ಗುಂಪಿನಲ್ಲಿ ನಿಮ್ಮಷ್ಟು ಚೆಂದ ಕಾಣುವವರು ಹೆಚ್ಚು ಜನ ಇರಲಾರರು ಎಂದು ನಂಬಿದ್ದೇನೆ.

ಇನ್ನು ಟಿಕೆಟ್ ಇಲ್ಲದೆ ಹಿಂದೆ ಸೇರಿಕೊಳ್ಳುವ ಮಾತು. ರಸ್ತೆ ಸಾರ್ವಜನಿಕರದು, ಅಲ್ಲಿ ನೀವು ಸೈಕಲ್ ತುಳಿಯುವುದನ್ನು ಯಾರೂ ತಡೆಯಲಾರರು. ನೀವೊಬ್ಬರೇ ಸೇರಿದರೆ ಯಾರ ಗಮನಕ್ಕೂ ಬರುವುದಿಲ್ಲ ಎಂಬುದೂ ನಿಜ. ಆದರೆ ಸ್ಥಾನ ಸಿಗದ ಎಲ್ಲರೂ ಆ ಹೊತ್ತಿಗೆ ಇದೇ ಯೋಚನೆ ಮಾಡುತ್ತಿರುತ್ತಾರೆ. ಮಾರ್ಷಲ್‌ಗಳು ಕೊನೆಯ ಸವಾರರು ದಾಟಿದರು ಎಂದು ತಿಳಿಯುವುದು ಎಣಿಕೆಯಿಂದ ಮತ್ತು ಬಾಲದಲ್ಲಿ ಬರುವ ಮಾರ್ಷಲ್ ಮುಖದಿಂದ. ಬಾಲದ ಹಿಂದೆ ಇನ್ನೊಂದು ಬಾಲ ಬೆಳೆದರೆ ಚೌಕ ಬಿಡುವ ಹೊತ್ತು ಯಾವುದೆಂದು ಅವರಿಗೆ ತಿಳಿಯದು. ಅರ್ಧ ಜನ ದಾಟಿದಾಗ ಬಸ್ ಹೊರಟುಬಿಟ್ಟರೆ ಪೆಟ್ಟು ಬೀಳುವುದು ಹಿಂದೆ ಸೇರಿಕೊಂಡವರಿಗೇ. ನಾನು ಹೇಳಿದ ಐದೈದು ಮೀಟರಿನ ಲೆಕ್ಕ ಅವರಿಗೂ ಅನ್ವಯಿಸುತ್ತದೆ. ಅದರ ಬದಲು ಹೊರಡುವ ಜಾಗಕ್ಕೆ ಉಡುಪು ತೊಟ್ಟು ಹೋಗಿ, ನೋಡಿ, ಮಾತಾಡಿ. ಹಳೆಯ ಸೈಕಲ್ಲಿನವರು ತಮ್ಮ ಸೈಕಲ್ಲಿನ ಬಗ್ಗೆ ಒಂದು ಪ್ರಶ್ನೆ ಕೇಳಿದರೆ ಹತ್ತು ಉತ್ತರ ಕೊಡುವವರು.

ನಾನು ನಿಮ್ಮನ್ನು ಬೇಡಿಕೊಳ್ಳುವುದು ಬೇರೆ: ಈ ವರ್ಷವೇ ನಿಮ್ಮದೊಂದು ಸಣ್ಣ ಸವಾರಿ ಮಾಡಿ. ಹತ್ತು ಹನ್ನೆರಡು ಜನ ಸಾಕು. ಅಷ್ಟು ಜನ ಒಂದೇ ಹಸಿರು ದೀಪಕ್ಕೆ ದಾಟಬಹುದು, ಮಾರ್ಷಲ್ ಬೇಡ, ಒಂದೇ ಹೋಟೆಲಿನಲ್ಲಿ ಎಲ್ಲರಿಗೂ ಚಹಾ ಸಿಗುತ್ತದೆ. ದಾರಿಯನ್ನೂ ಹೇಳುತ್ತೇನೆ. ಲ್ಯಾಂಬೆತ್ ಸೇತುವೆಯ ಹತ್ತಿರ, ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ. ಕನ್ನಡಿಗರು ಸೇರಲು ಅದಕ್ಕಿಂತ ಒಳ್ಳೆಯ ಜಾಗ ಆ ಊರಿನಲ್ಲಿಲ್ಲ. ಅಲ್ಲಿಂದ ವಾಕ್ಸಾಲ್, ನೈನ್ ಎಲ್ಮ್ಸ್ ದಾಟಿ ಪಶ್ಚಿಮಕ್ಕೆ ಸಾಗಿದರೆ ಮೂರು ಕಿಲೋಮೀಟರ್ ಆಸುಪಾಸಿನಲ್ಲಿ ಬ್ಯಾಟರ್ಸಿ ಪಾರ್ಕ್. ಅದನ್ನೇ ಯಾಕೆ ಹೇಳುತ್ತೇನೆಂದರೆ, 1895ರ ಸುಮಾರಿಗೆ ಲಂಡನ್ನಿನ ಸಿರಿವಂತ ಹೆಂಗಸರಿಗೆ ಸೈಕಲ್ಲಿನ ಹುಚ್ಚು ಹಿಡಿದಾಗ ಹೈಡ್ ಪಾರ್ಕ್‌ನಲ್ಲಿ ಸೈಕಲ್ಲಿಗೆ ಅವಕಾಶವಿರಲಿಲ್ಲ. ಅವರೆಲ್ಲ ಬೆಳಿಗ್ಗೆ ಬ್ಯಾಟರ್ಸಿಗೆ ಬಂದು ಕಲಿಯುತ್ತಿದ್ದರು. ಹಳೆಯ ಉಡುಪಿನ ಸವಾರಿಗೆ ಚರಿತ್ರೆ ಸಮೇತ ಸಿಗುವ ನೆಲ ಅದು. ಪಾರ್ಕಿನೊಳಗೆ ಎರಡು ಸುತ್ತು ಹಾಕಿ, ಬುತ್ತಿ ಬಿಚ್ಚಿ, ಬಂದ ದಾರಿಯಲ್ಲೇ ಹಿಂದಿರುಗಿದರೆ ಹತ್ತು ಹನ್ನೆರಡು ಕಿಲೋಮೀಟರ್ ಆಗುತ್ತದೆ. ಇಪ್ಪತ್ತು ಕಿಲೋ ತೂಗುವ ಸೈಕಲ್ಲಿಗೆ ಅದು ಹಿತವಾದ ದೂರ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊರಡಿ, ವಾಹನ ಕಡಿಮೆ ಇರುತ್ತದೆ. 2022ರಲ್ಲಿ ತಿದ್ದಿದ ಬ್ರಿಟನ್ನಿನ ಹೈವೇ ಕೋಡ್ ಎಂಬ ರಸ್ತೆ ನಿಯಮಗಳ ಪುಸ್ತಕ ಇಬ್ಬರು ಅಕ್ಕಪಕ್ಕ ಹೋಗಬಹುದು ಎಂದು ಸ್ಪಷ್ಟವಾಗಿ ಹೇಳುತ್ತದೆ; ಹಿಂದಿನಿಂದ ಬರುವವರಿಗೆ ದಾರಿ ಬಿಡುವ ಸೌಜನ್ಯವನ್ನೂ ಅದೇ ಕೇಳುತ್ತದೆ.

ಉಡುಪಿನ ಬಗ್ಗೆ ಒಂದು ಎಚ್ಚರಿಕೆ. ಉದ್ದ ಸ್ಕರ್ಟು ಹಿಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಹಳೆಯ ಲೇಡೀಸ್ ಸೈಕಲ್ಲುಗಳಲ್ಲಿ ಹಿಂದಿನ ಮಡ್‌ಗಾರ್ಡಿನ ಅಂಚಿನಿಂದ ಚಕ್ರದ ನಡುವಿನವರೆಗೆ ದಾರಗಳನ್ನು ಬಿಗಿದು ಬಲೆ ಮಾಡುತ್ತಿದ್ದುದು ಇದಕ್ಕೇ. ನಿಮ್ಮ ಮಡ್‌ಗಾರ್ಡಿನ ಅಂಚಿನಲ್ಲಿ ಸಾಲಾಗಿ ಸಣ್ಣ ತೂತುಗಳಿದ್ದರೆ ಅವು ಆ ದಾರಗಳಿಗಾಗಿ ಕೊರೆದವು. ಗಟ್ಟಿ ನೂಲಿನಿಂದ ನೀವೇ ಒಂದು ಸಂಜೆ ಕುಳಿತು ಕಟ್ಟಬಹುದು. ಸೀರೆಗೂ ಅದೇ ರಕ್ಷಣೆ.

ಸೈಕಲ್ಲಿನ ಹಿಂದಿನ ಚಕ್ರದ ನಡುವಿನ ಹಬ್ ಅನ್ನು ಬಟ್ಟೆಯಿಂದ ಒರೆಸಿ ನೋಡಿ. ಅದು ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರಿನ ಹಬ್ ಆಗಿದ್ದರೆ ಅದರ ಮೇಲೆ ಹೆಸರಿನ ಜೊತೆ ಎರಡಂಕಿಯ ಸಂಖ್ಯೆ ಅಚ್ಚೊತ್ತಿರುತ್ತದೆ. 56 ಎಂದಿದ್ದರೆ ಆ ಹಬ್ 1956ರದ್ದು. ಚಕ್ರ ಬದಲಾಗಿರದಿದ್ದರೆ ಸೈಕಲ್ಲೂ ಹೆಚ್ಚು ಕಡಿಮೆ ಅದೇ ವರ್ಷದ್ದು. ಪಕ್ಕದಲ್ಲೇ ಎಣ್ಣೆ ಬಿಡುವ ಪುಟ್ಟ ಮುಚ್ಚಳವಿರುತ್ತದೆ. ತಿಂಗಳಿಗೊಮ್ಮೆ ನಾಲ್ಕಾರು ಹನಿ ತೆಳು ಎಣ್ಣೆ ಬಿಡಿ, ಇನ್ನೇನೂ ಅದು ಕೇಳುವುದಿಲ್ಲ. ಟೈರಿನ ಬದಿಯಲ್ಲಿ ಬರೆದಿರುವ ಅಳತೆಯನ್ನೂ ಓದಿಕೊಳ್ಳಿ. 28 ಇಂಚಿಗೆ ಒಂದೂವರೆ ಎಂದಿದ್ದು, ಬ್ರೇಕಿಗೆ ತಂತಿಯ ಬದಲು ಉಕ್ಕಿನ ಸರಳುಗಳಿದ್ದರೆ ನಿಮ್ಮದು ಭಾಗ್ಯ. ಆ ಅಳತೆಯ ಟೈರು, ಆ ಸರಳು ಬ್ರೇಕಿನ ರಬ್ಬರು ನಮ್ಮ ಊರುಗಳ ಸೈಕಲ್ ಅಂಗಡಿಗಳಲ್ಲಿ ಇಂದಿಗೂ ಅಗ್ಗವಾಗಿ ಸಿಗುತ್ತವೆ, ಯಾಕೆಂದರೆ ಹಾಲಿನವರ, ಪೇಪರಿನವರ ಕರಿ ಸೈಕಲ್ಲು ಅದೇ ಮಾದರಿಯದು. ರಜೆಗೆ ದಾವಣಗೆರೆಗೆ ಬಂದಾಗ ಎರಡು ಜೊತೆ ರಬ್ಬರು ಬ್ಯಾಗಿಗೆ ಹಾಕಿಕೊಳ್ಳಿ. 26 ಇಂಚಿನದಾದರೆ ಭಾಗಗಳನ್ನು ಅಲ್ಲೇ ಇಂಗ್ಲೆಂಡಿನಲ್ಲಿ ಹುಡುಕುವುದು ಸುಲಭ.

ಮುಂದಿನ ವರ್ಷದ ಸ್ಥಾನಕ್ಕೆ ಎರಡು ದಾರಿಗಳು ನೆನಪಿರಲಿ. ಇಂಥ ಸವಾರಿಗಳಿಗೆಲ್ಲ ಸದಾ ಕೊರತೆಯಾಗುವವರು ಮಾರ್ಷಲ್‌ಗಳು. ಸ್ವಯಂಸೇವಕರಾಗಿ ಬರುತ್ತೇನೆಂದು ತಿಂಗಳುಗಳ ಮೊದಲೇ ಸಂಘಟಕರಿಗೆ ಬರೆಯಿರಿ. ಚಹಾ ತಣ್ಣಗಾದ ಮೇಲೆ ಸಿಗಬಹುದು, ಆದರೆ ಇಡೀ ಸವಾರಿಯನ್ನು ತಲೆಯಿಂದ ಬಾಲದವರೆಗೆ ನೋಡುವ ಭಾಗ್ಯ ಅವರಿಗೆ ಮಾತ್ರ. ಇನ್ನೊಂದು, ಬ್ರಿಟನ್ನಿನ ವೆಟರನ್ ಸೈಕಲ್ ಕ್ಲಬ್. 1955ರಲ್ಲಿ ಶುರುವಾದ ಅದಕ್ಕೆ ಬೇರೆ ಬೇರೆ ಪ್ರದೇಶಗಳಲ್ಲಿ ಶಾಖೆಗಳಿವೆ, ವರ್ಷವಿಡೀ ಸಣ್ಣ ಸಣ್ಣ ಸವಾರಿಗಳಿವೆ. ನಿಮ್ಮ ರ್ಯಾಲೆಯ ಯಾವ ತಿರುಪಿಗೆ ಯಾವ ಸ್ಪ್ಯಾನರ್ ಎಂದು ಹೇಳಬಲ್ಲವರು ಅಲ್ಲಿ ಸಿಗುತ್ತಾರೆ.

ಸಣ್ಣ ಸವಾರಿಯ ದಿನ ಮಳೆ ಬಂದರೆ ಹಠ ಮಾಡಬೇಡಿ. ಹಳೆಯ ಸೈಕಲ್ಲಿನ ರಿಮ್ಮು ಕ್ರೋಮ್ ಲೇಪಿಸಿದ ಉಕ್ಕಿನದು. ಒದ್ದೆಯಾದರೆ ರಬ್ಬರು ಅದರ ಮೇಲೆ ಜಾರುತ್ತದೆ, ಬ್ರೇಕ್ ಹಿಡಿದ ಮೇಲೂ ಸೈಕಲ್ಲು ಹಲವು ಮೀಟರ್ ಮುಂದೆ ಹೋಗುತ್ತದೆ. ಲಂಡನ್ನಿನ ಆಕಾಶವನ್ನು ನಂಬುವಂತಿಲ್ಲವಾದ್ದರಿಂದ ಗೆಳೆಯರಿಗೆ ಕಳಿಸುವ ಕರೆಯೋಲೆಯಲ್ಲೇ ಬದಲಿ ಭಾನುವಾರವನ್ನೂ ಬರೆದುಬಿಡಿ.